ಕಾರಿನ ಗೀರು: ಮನೆಯಲ್ಲೇ ಉಜ್ಜುವುದೋ, ಗ್ಯಾರೇಜಿಗೆ ಬಿಡುವುದೋ?

ಮುಂಬೈ ಬಳಿಯ ಡೊಂಬಿವಲಿಯ ವಸತಿ ಸೊಸೈಟಿಯ ಕಂಬಕ್ಕೆ ಒರಸಿದ ಬಂಪರ್ ಇರಲಿ, ಮಾಟುಂಗದ ರಸ್ತೆ ಬದಿ ನಿಲ್ಲಿಸಿದ್ದಾಗ ಸ್ಕೂಟರಿನ ಬ್ರೇಕ್ ಲಿವರ್ ಎಳೆದುಕೊಂಡು ಹೋದ ಬಾಗಿಲಿರಲಿ, ಗೀರು ಕಂಡ ಕೂಡಲೇ ಎಲ್ಲರೂ ನೋಡುವುದು ಅದು ಎಷ್ಟು ಉದ್ದ ಇದೆ ಎಂದು. ನೋಡಬೇಕಾದ್ದು ಆಳವನ್ನು. ಬಾನೆಟ್ ಮೇಲೆ ಎಳೆದ ಎರಡಡಿ ಗೆರೆ ಅರ್ಧ ಗಂಟೆಯ ಕೆಲಸಕ್ಕೆ ಮಾಯವಾಗಬಹುದು. ಚಕ್ರದ ಕಮಾನಿನ ಅಂಚಿನಲ್ಲಿ ಎಳ್ಳುಕಾಳಿನಷ್ಟು ಹಾರಿದ ಬಣ್ಣ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕಿನ ಗುಳ್ಳೆಯಾಗಿ ಎದ್ದಿರಬಹುದು.

ಗೀರಿಗೆ ಮಾಡುವ ಕೆಲಸ ಮೂರೇ ಬಗೆ: ಉಜ್ಜುವುದು, ತುಂಬುವುದು, ಹೊಡೆಯುವುದು. ಮೇಲಿನ ಪದರವನ್ನು ಒಂದಿಷ್ಟು ಸವೆಸಿ ಗೀರಿನ ಅಂಚನ್ನು ಮಟ್ಟ ಮಾಡಿದರೆ ಅದು ಉಜ್ಜುವುದು. ಚುಕ್ಕೆಯಷ್ಟು ಜಾಗಕ್ಕೆ ಬಣ್ಣ ಇಟ್ಟು ಮುಚ್ಚಿದರೆ ತುಂಬುವುದು. ಇಡೀ ಪ್ಯಾನೆಲ್‌ಗೆ ಗನ್ನಿನಿಂದ ಹೊಸ ಬಣ್ಣ ಕೂರಿಸಿದರೆ ಹೊಡೆಯುವುದು. ಉಜ್ಜುವ ಕೆಲಸವನ್ನು ಮನೆಯಲ್ಲಿ ಧೈರ್ಯವಾಗಿ ಮಾಡಿ. ತುಂಬುವ ಕೆಲಸವನ್ನು ತಾಳ್ಮೆ ಇದ್ದರೆ ಮಾಡಿ. ಹೊಡೆಯುವ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಲೇಬೇಡಿ. ಅಂಗಡಿಯಲ್ಲಿ ಸ್ಪ್ರೇ ಡಬ್ಬಿ ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಬೇಡ. ಏಕೆಂಬುದು ಮುಂದೆ ಬರುತ್ತದೆ.

ಒಂದು ಹಾಳೆಯ ದಪ್ಪದಲ್ಲಿ ನಾಲ್ಕು ಪದರ

ಕಂಪನಿಯಿಂದ ಬಂದ ಕಾರಿನ ತಗಡಿನ ಮೇಲೆ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ 90ರಿಂದ 140 ಮೈಕ್ರಾನ್. ಪ್ರಿಂಟರಿಗೆ ಹಾಕುವ ಒಂದು ಬಿಳಿ ಹಾಳೆ ಸುಮಾರು 100 ಮೈಕ್ರಾನ್ ಇರುತ್ತದೆ. ಅಷ್ಟರೊಳಗೇ ನಾಲ್ಕು ಪದರ. ತಗಡಿಗೆ ಅಂಟಿಕೊಂಡಿರುವುದು ತುಕ್ಕು ತಡೆಯುವ ಇ-ಕೋಟ್, ಅದರ ಮೇಲೆ ಬೂದು ಅಥವಾ ಬಿಳಿ ಪ್ರೈಮರ್, ಅದರ ಮೇಲೆ ನಿಜವಾದ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಬಣ್ಣದ ಪದರ 15-20 ಮೈಕ್ರಾನ್ ಇದ್ದರೆ ಹೆಚ್ಚು. ಕ್ಲಿಯರ್ ಕೋಟ್ 35ರಿಂದ 50. ಕಾರಿನ ಹೊಳಪೆಲ್ಲ ಈ ಕೊನೆಯ ಪದರದ್ದು, ಬಿಸಿಲಿನ ಹೊಡೆತ ತಡೆಯುವುದೂ ಅದೇ.

ಉಜ್ಜುವಾಗ ನೀವು ಖರ್ಚು ಮಾಡುತ್ತಿರುವುದು ಈ 35-50 ಮೈಕ್ರಾನಿನ ಗಂಟನ್ನು. ಕೈಯಲ್ಲಿ ಕಾಂಪೌಂಡ್ (ಸಣ್ಣ ಅಪಘರ್ಷಕ ಪುಡಿ ಇರುವ ಲೇಪ) ಹಾಕಿ ಒಮ್ಮೆ ಉಜ್ಜಿದರೆ ಹೋಗುವುದು ಒಂದೆರಡು ಮೈಕ್ರಾನ್. 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ; ನಂಬರ್ ಹೆಚ್ಚಿದಷ್ಟೂ ನಯ) ಹಾಕಿದರೆ ಅದಕ್ಕಿಂತ ಬಹಳ ಹೆಚ್ಚು. ಒಮ್ಮೆ ಹೋದದ್ದು ಮರಳಿ ಬೆಳೆಯುವುದಿಲ್ಲ. ವರ್ಷಕ್ಕೆ ಮೂರು ಸಲ 'ರಬ್ಬಿಂಗ್-ಪಾಲಿಶ್' ಮಾಡಿಸುವ ಕಾರುಗಳ ಬಾನೆಟ್ ಮತ್ತು ಛಾವಣಿ ಏಳೆಂಟು ವರ್ಷಕ್ಕೆ ಬಿಳಿಚಿಕೊಂಡು ಸಿಪ್ಪೆ ಏಳುವುದಕ್ಕೆ ಇದೂ ಒಂದು ಕಾರಣ.

ಮೊದಲು ತೊಳೆಯಿರಿ, ಆಮೇಲೆ ಅಳೆಯಿರಿ

ಧೂಳಿನ ಮೇಲೆ ಗೀರಿನ ಆಳ ತಿಳಿಯುವುದಿಲ್ಲ. ಆ ಜಾಗವನ್ನು ಕಾರ್ ಶಾಂಪೂ ಹಾಕಿ ತೊಳೆದು ಒರೆಸಿ, ಹಗಲು ಬೆಳಕಿನಲ್ಲಿ ನೋಡಿ. ಗೀರಿನ ಮೇಲೆ ಒಂದು ಚಮಚ ನೀರು ಬಿಡಿ. ನೀರಿರುವಷ್ಟು ಹೊತ್ತು ಗೀರು ಕಾಣದೆ ಹೋಗಿ, ಒಣಗಿದ ಮೇಲೆ ಮತ್ತೆ ಕಂಡರೆ ಅದು ಕ್ಲಿಯರ್ ಕೋಟ್ ದಾಟಿಲ್ಲ. ಇನ್ನು ಉಗುರನ್ನು ಗೀರಿಗೆ ಅಡ್ಡವಾಗಿ, ಭಾರ ಹಾಕದೆ ಎಳೆಯಿರಿ. ಉಗುರು ಜಾರಿ ಹೋದರೆ ಉಜ್ಜಿ ತೆಗೆಯಬಹುದು. ಸಣ್ಣಗೆ ಟಕ್ ಎಂದು ಸಿಕ್ಕಿದರೆ ಉಜ್ಜುವುದರಿಂದ ಮಸುಕಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಉಗುರು ನಿಂತೇಬಿಟ್ಟರೆ ಕಾಂಪೌಂಡ್ ಬಾಟಲಿಯನ್ನು ಒಳಗಿಡಿ.

ಗೀರಿನ ತಳದ ಬಣ್ಣ ಉಳಿದದ್ದನ್ನು ಹೇಳುತ್ತದೆ. ಕೆಂಪು ಕಾರಿನಲ್ಲಿ ಬೂದು ಗೆರೆ ಕಂಡರೆ ಪ್ರೈಮರ್ ತಲುಪಿದೆ. ಬೆಳ್ಳಗೆ ಮಿಂಚಿದರೆ ತಗಡು. ಕಂದು ಚುಕ್ಕಿ ಇದ್ದರೆ ತುಕ್ಕು ಆಗಲೇ ಶುರುವಾಗಿದೆ. ಬಂಪರ್ ಪ್ಲಾಸ್ಟಿಕ್ಕಿನದು, ಆದ್ದರಿಂದ ಅದರ ಆಳವಾದ ಗೀರಿನಲ್ಲಿ ಕಪ್ಪು ಕಾಣುತ್ತದೆ. ಈ ವ್ಯತ್ಯಾಸ ನೆನಪಿನಲ್ಲಿರಲಿ: ಪ್ಲಾಸ್ಟಿಕ್ಕಿಗೆ ತುಕ್ಕಿಲ್ಲ, ಬಂಪರಿನ ಗೀರು ಎಷ್ಟೇ ಕೆಟ್ಟದಾಗಿ ಕಂಡರೂ ಒಂದು ವರ್ಷ ಕಾದೀತು. ಬಾಗಿಲಿನ ಕೆಳಗಿನ ಅಂಚಿನಲ್ಲಿ ತಗಡು ಕಂಡರೆ ಮುಂಬೈ, ಗೋವಾದ ಉಪ್ಪುಗಾಳಿಯಲ್ಲಿ ಒಂದು ವಾರವೂ ಕಾಯಬಾರದು. ಮಳೆಗಾಲದಲ್ಲಿ ಬರಿ ತಗಡು ಒಂದೆರಡು ದಿನಕ್ಕೇ ಕೆಂಪಾಗುತ್ತದೆ. ಜನ ಮಾಡುವುದು ಇದಕ್ಕೆ ತೀರ ಉಲ್ಟಾ. ಎದುರಿಗೆ ಕಾಣುವ ಬಂಪರಿಗೆ ಆ ವಾರವೇ ಬಣ್ಣ ಹೊಡೆಸುತ್ತಾರೆ, ಬಗ್ಗಿ ನೋಡಿದರೆ ಮಾತ್ರ ಕಾಣುವ ಬಾಗಿಲ ಅಂಚನ್ನು ಬಿಟ್ಟುಬಿಡುತ್ತಾರೆ.

ಗೀರೇ ಅಲ್ಲದ ಗೀರು

ಬೇಸ್‌ಮೆಂಟ್ ಪಾರ್ಕಿಂಗಿನ ಕಂಬಗಳಿಗೆ ಹಳದಿ-ಕಪ್ಪು ಪಟ್ಟೆ ಬಳಿದಿರುತ್ತಾರಲ್ಲ, ಅದಕ್ಕೆ ಒರಸಿದ ಬಿಳಿ ಕಾರಿನ ಮೂಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಅಂಗೈಯಗಲ ಹಳದಿ, ನಡುವೆ ಕಪ್ಪು ಗೆರೆ. ಅದರಲ್ಲಿ ಹೆಚ್ಚಿನ ಪಾಲು ನಿಮ್ಮ ಕಾರಿನ ಬಣ್ಣ ಹೋದದ್ದಲ್ಲ, ಕಂಬದ ಬಣ್ಣ ಬಂದು ಕೂತದ್ದು. ಬೆರಳಿಂದ ಸವರಿದರೆ ಗುಳಿಯ ಬದಲು ಉಬ್ಬು ಸಿಗುತ್ತದೆ. ಅಲ್ಲಿಗೆ ಮುಕ್ಕಾಲು ಚಿಂತೆ ಕಳೆಯಿತು.

ತೊಳೆದು ಒಣಗಿಸಿದ ಮೇಲೆ ಮೈಕ್ರೋಫೈಬರ್ ಬಟ್ಟೆಗೆ ಡಬ್ಲ್ಯೂಡಿ-40 ಸಿಂಪಡಿಸಿ, ಹಳದಿಯ ಮೇಲೆ ಎರಡು ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಒಂದೇ ದಿಕ್ಕಿಗೆ ಒರೆಸಿ, ಪ್ರತಿ ಸಲ ಬಟ್ಟೆಯ ಹೊಸ ಮಡಿಕೆ ಬಳಸಿ. ಉಳಿದದ್ದಕ್ಕೆ ರಬ್ಬಿಂಗ್ ಕಾಂಪೌಂಡ್. ಥಿನ್ನರ್ ಮಾತ್ರ ಬೇಡ. ಕಂಪನಿಯ ಬಣ್ಣ ಅದನ್ನು ಒಂದಿಷ್ಟು ತಡೆದುಕೊಳ್ಳಬಹುದು, ಆದರೆ ಆ ಬಂಪರಿಗೆ ಹಿಂದೆ ಯಾರೋ ಕಡಿಮೆ ದರ್ಜೆಯ ಬಣ್ಣ ಹೊಡೆದಿದ್ದರೆ ಒಂದೇ ಒರೆತಕ್ಕೆ ಅದು ಬಟ್ಟೆಗೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಯಾವ ಪ್ಯಾನೆಲ್ ಮೂಲ ಬಣ್ಣದ್ದೆಂದು ನಿಮಗೆ ತಿಳಿದಿರುವುದಿಲ್ಲ.

ಹೀಗೆ ಬಂದು ಕೂತ ಬಣ್ಣ ತೆಗೆದ ಮೇಲೆ ಒಳಗಿನ ನಿಜವಾದ ಗೀರು ಎರಡೋ ಮೂರೋ ಉಳಿಯುತ್ತದೆ. ತೀರ್ಮಾನ ಆಗ ಮಾಡಿ. ಕಾರನ್ನು ನೇರ ಗ್ಯಾರೇಜಿಗೆ ಒಯ್ದರೆ ಅವರು ತೊಳೆದು ನೋಡುವ ಮೊದಲೇ ಇಡೀ ಬಂಪರಿನ ಲೆಕ್ಕ ಬರೆದುಬಿಡುವುದುಂಟು.

ಉಜ್ಜುವುದು: ಮನೆಯಲ್ಲಿ ಹೇಗೆ

ಬೇಕಾದ ಸಾಮಾನು ಕಡಿಮೆ. ಕಾರ್ ಶಾಂಪೂ, ಎರಡು ಬಕೆಟ್, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ, ಒಂದು ಉರುಳೆ ಮಾಸ್ಕಿಂಗ್ ಟೇಪ್, ಎರಡು ಫೋಮ್ ಪ್ಯಾಡ್, ಒಂದು ಕಾಂಪೌಂಡ್, ಒಂದು ಫಿನಿಶಿಂಗ್ ಪಾಲಿಶ್, ಕೊನೆಗೆ ವ್ಯಾಕ್ಸ್. 3ಎಂ, ಮೆಗ್ವಾಯರ್ಸ್, ವೇವೆಕ್ಸ್, ಫಾರ್ಮುಲಾ 1 ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಡಬ್ಬಿಯ ಮೇಲಿನ ಹೆಸರಿಗಿಂತ ಒರಟು-ನಯದ ಕ್ರಮ ಮುಖ್ಯ: ಕಾಂಪೌಂಡ್ ಕತ್ತರಿಸುತ್ತದೆ, ಪಾಲಿಶ್ ಆ ಕತ್ತರಿಸಿದ ಗುರುತನ್ನು ಅಳಿಸುತ್ತದೆ. ಮೊದಲನೆಯದನ್ನು ಹಾಕಿ ಎರಡನೆಯದನ್ನು ಬಿಟ್ಟರೆ ಗೀರು ಹೋಗಿ ಅದರ ಜಾಗದಲ್ಲಿ ಮಂಜು ಹಿಡಿದಂತೆ ಒಂದು ತೇಪೆ ಉಳಿಯುತ್ತದೆ. ಕಪ್ಪು, ಕಡುನೀಲಿ ಕಾರಿನಲ್ಲಿ ಇದು ಎದ್ದು ಕಾಣುತ್ತದೆ.

ಪ್ಯಾನೆಲ್ ಕೈಗೆ ತಣ್ಣಗಿರಬೇಕು. ಪುಣೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಹತ್ತು ಗಂಟೆಗೇ ಬಾನೆಟ್ ಸುಡುತ್ತದೆ. ಕಾಂಪೌಂಡ್ ಹಚ್ಚಿದ ನಿಮಿಷಕ್ಕೆ ಒಣಗಿ ಪುಡಿಯಾಗುತ್ತದೆ, ಆ ಒಣಪುಡಿಯೇ ಹೊಸ ಗೀರು ಎಳೆಯುತ್ತದೆ. ಬೆಳಗ್ಗೆ ಏಳಕ್ಕೆ, ನೆರಳಿನಲ್ಲಿ ಮಾಡಿ.

ಗೀರಿನ ಸುತ್ತ ಒಂದಡಿ ಚದರ ಬಿಟ್ಟು ಟೇಪ್ ಹಚ್ಚಿ. ಹತ್ತಿರದಲ್ಲಿ ಬಾಡಿಯ ಮಡಿಕೆ ಗೆರೆ, ಬಾಗಿಲಿನ ಅಂಚು, ಚಕ್ರದ ಕಮಾನು ಇದ್ದರೆ ಅವುಗಳ ಮೇಲೂ ಟೇಪ್ ಬೀಳಲಿ. ಅಂಚುಗಳಲ್ಲಿ ಬಣ್ಣ ತೆಳು, ನಿಮ್ಮ ಕೈಯ ಭಾರವೆಲ್ಲ ಅಲ್ಲೇ ಬೀಳುವುದರಿಂದ ಮೊದಲು ಸವೆಯುವುದೂ ಅಲ್ಲೇ. ಒದ್ದೆ ಮಾಡಿ ಹಿಂಡಿದ ಪ್ಯಾಡಿಗೆ ಕಡಲೆಕಾಳಿನಷ್ಟು ಕಾಂಪೌಂಡ್ ಹಾಕಿ, ಗೀರಿಗೆ ಅಡ್ಡವಾಗಿ ಮೂವತ್ತು-ನಲವತ್ತು ಸಲ ಹಿಂದೆ ಮುಂದೆ ಉಜ್ಜಿ. ಗುಂಡಗೆ ತಿರುಗಿಸಬೇಡಿ. ಕೈಯಿಂದ ಸುತ್ತು ಹಾಕಿ ಉಜ್ಜಿದರೆ ಉಳಿಯುವ ಸಣ್ಣ ಗುರುತುಗಳೂ ಸುತ್ತುಸುತ್ತಾಗಿಯೇ ಇರುತ್ತವೆ, ಬಿಸಿಲಿನಲ್ಲಿ ಜೇಡರ ಬಲೆಯಂತೆ ಹೊಳೆಯುತ್ತವೆ. ಒರೆಸಿ ನೋಡಿ, ಬೇಕಾದರೆ ಮತ್ತೊಮ್ಮೆ. ಮೂರು ನಾಲ್ಕು ಸುತ್ತಿಗೂ ಹೋಗದ ಗೀರು ಹತ್ತನೆಯದಕ್ಕೂ ಹೋಗುವುದಿಲ್ಲ, ನಿಲ್ಲಿಸಿ. ಆಮೇಲೆ ಬೇರೆ ಪ್ಯಾಡಿನಲ್ಲಿ ಪಾಲಿಶ್, ಕೊನೆಗೆ ತೆಳ್ಳಗೆ ವ್ಯಾಕ್ಸ್.

ಉಜ್ಜುವಾಗ ಪ್ಯಾಡಿನ ಮೇಲೆ ಕಾರಿನ ಬಣ್ಣವೇ ಬಂದರೆ ಎರಡೇ ಅರ್ಥ. ಒಂದೋ ಆ ಬಣ್ಣಕ್ಕೆ ಕ್ಲಿಯರ್ ಕೋಟ್ ಇಲ್ಲ (ಹಳೆಯ ಮಾದರಿಯ ಒಂದೇ ಪದರದ ಬಣ್ಣಗಳಲ್ಲಿ, ಕೆಲವು ಬಿಳಿ ಕಾರುಗಳಲ್ಲಿ ಹೀಗಿರುತ್ತದೆ), ಇಲ್ಲವೇ ಕ್ಲಿಯರ್ ಕೋಟ್ ಸವೆದು ಮುಗಿದಿದೆ. ಲೋಹದ ಮಿನುಗಿರುವ ಬಣ್ಣದಲ್ಲಿ ಪ್ಯಾಡಿಗೆ ಬಣ್ಣ ಬಂದರೆ ಅಲ್ಲಿಗೇ ಕೈ ತೆಗೆಯಿರಿ.

ವಾಟರ್ ಪೇಪರ್ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ವೀಡಿಯೊಗಳಲ್ಲಿ 2000 ನಂಬರ್ ಪೇಪರಿನಿಂದ ಉಜ್ಜಿ ಐದು ನಿಮಿಷದಲ್ಲಿ ಹೊಳೆಸಿ ತೋರಿಸುತ್ತಾರೆ. ಹೊಳೆಸುವುದಕ್ಕೆ ಅವರ ಹತ್ತಿರ ಮಷೀನ್ ಇದೆ. 2000ದ ಗುರುತನ್ನು ಬರಿಗೈಯಲ್ಲಿ ಅಳಿಸುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ, ಆದರೂ ಮಂಕು ಪೂರ್ತಿ ಹೋಗುವುದಿಲ್ಲ. ಮಷೀನ್ ಇಲ್ಲದವರು 3000ಕ್ಕಿಂತ ಒರಟು ಪೇಪರ್ ಮುಟ್ಟಬೇಡಿ. ಮಷೀನ್ ಕೊಳ್ಳುವುದೇ ಆದರೆ ಅಲುಗಾಡುತ್ತ ತಿರುಗುವ ಡ್ಯುಯಲ್ ಆ್ಯಕ್ಷನ್ ಬಗೆಯದನ್ನೇ ಕೊಳ್ಳಿ. ಒಂದೇ ಅಚ್ಚಿನಲ್ಲಿ ತಿರುಗುವ ರೋಟರಿ ಒಂದೇ ಕಡೆ ನಿಂತರೆ ಬಿಸಿಯಾಗಿ ಬಣ್ಣ ಸುಡುತ್ತದೆ. ಬಂಪರಿನ ಪ್ಲಾಸ್ಟಿಕ್ ಶಾಖವನ್ನು ತಗಡಿನಂತೆ ಹರಡುವುದಿಲ್ಲವಾದ್ದರಿಂದ ಅಲ್ಲಿ ಇನ್ನೂ ಬೇಗ.

ಟೂತ್‌ಪೇಸ್ಟ್? ಅದರಲ್ಲೂ ಸಣ್ಣ ಅಪಘರ್ಷಕ ಪುಡಿ ಇರುತ್ತದೆ, ಮೇಲ್ಮೈಯ ಮಸುಕನ್ನು ಸ್ವಲ್ಪ ತೆಗೆಯುತ್ತದೆ, ಗೀರಿನೊಳಗೆ ಬಿಳಿಯಾಗಿ ಕೂತು ಬಿಳಿ ಕಾರಿನಲ್ಲಿ ಗೀರು ಹೋದಂತೆ ತೋರಿಸುತ್ತದೆ. ಮೊದಲ ಮಳೆಗೆ ಮತ್ತೆ ಕಾಣುತ್ತದೆ. ಕೊಬ್ಬರಿ ಎಣ್ಣೆ, ಮೇಣ, ಶೂ ಪಾಲಿಶ್ ಎಲ್ಲದರ ಕಥೆಯೂ ಇದೇ. ಪಾತ್ರೆ ತಿಕ್ಕುವ ಹಸಿರು ನಾರನ್ನಂತೂ ಕಾರಿನ ಹತ್ತಿರ ತರಬೇಡಿ.

ನಿಮ್ಮ ಕಾರಿಗೆ ಪಿಪಿಎಫ್ (ಬಣ್ಣ ಕಾಯುವ ಪಾರದರ್ಶಕ ಪ್ಲಾಸ್ಟಿಕ್) ಹಾಳೆ ಅಂಟಿಸಿದ್ದರೆ ಗೀರಿನ ಮೇಲೆ ಬಿಸಿನೀರು ಹೊಯ್ದು ನೋಡಿ, ತೆಳು ಗೀರುಗಳು ತಾವೇ ಕೂಡಿಕೊಳ್ಳುತ್ತವೆ. ಸೆರಾಮಿಕ್ ಕೋಟಿಂಗ್ ಇದ್ದರೆ ಕಾಂಪೌಂಡ್ ಅದನ್ನೂ ಕಿತ್ತು ತೆಗೆಯುತ್ತದೆ, ಮಾಡಿದವರನ್ನು ಮೊದಲು ಕೇಳಿ.

ತುಂಬುವುದು: ಕಲ್ಲೇಟಿಗೆ, ಬಾಗಿಲ ಅಂಚಿಗೆ

ಗಣೇಶ ಚೌತಿಗೆ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಉಡುಪಿ-ಮಂಗಳೂರಿಗೆ ಹೋಗಿ ಬಂದ ಕಾರಿನ ಬಾನೆಟ್ ಮುಂಭಾಗ ನೋಡಿ, ಲಾರಿಗಳ ಹಿಂದೆ ಹಾರಿದ ಕಲ್ಲುಗಳ ಗುರುತು ನಾಲ್ಕಾದರೂ ಸಿಗುತ್ತದೆ. ಪುಣೆಯಿಂದ ಬೆಳಗಾವಿಗೆ ಹೆದ್ದಾರಿ 48ರಲ್ಲಿ ಓಡಾಡುವವರಿಗೂ ಅಷ್ಟೆ. ಇಂಥ ಚುಕ್ಕಿಗಳಿಗೆ ಇಡೀ ಬಾನೆಟ್‌ಗೆ ಬಣ್ಣ ಹೊಡೆಸುವುದು ಶುದ್ಧ ನಷ್ಟ. ಟಚ್-ಅಪ್ ಬಾಟಲಿ ಸಾಕು.

ಬಣ್ಣದ ಹೆಸರು ಹೇಳಿ ಕೇಳಬೇಡಿ, ಕೋಡ್ ಹೇಳಿ. 'ವೈಟ್' ಎಂದರೆ ಅಂಗಡಿಯವನ ಹತ್ತಿರ ಹತ್ತು ಬಿಳಿ ಇರುತ್ತದೆ. ಕೋಡ್ ಬಾನೆಟ್ ಒಳಗಿನ ತಗಡಿನ ಪಟ್ಟಿಯಲ್ಲೋ, ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಸ್ಟಿಕ್ಕರಿನಲ್ಲೋ ಇರುತ್ತದೆ. ಸುಜುಕಿಯ ಸುಪೀರಿಯರ್ ವೈಟ್ ಆದರೆ 26ಯು, ಸಿಲ್ಕಿ ಸಿಲ್ವರ್ ಆದರೆ ಝಡ್2ಎಸ್. ಕಂಪನಿಯ ಬಿಡಿಭಾಗದ ಕೌಂಟರಿನಲ್ಲಿ ಸಿಗದಿದ್ದರೆ ಮುಂಬೈಯಲ್ಲಿ ಓಪೆರಾ ಹೌಸ್ ಸುತ್ತಲಿನ ಅಂಗಡಿಗಳು ಅಥವಾ ಕುರ್ಲಾದ ಸಿಎಸ್‌ಟಿ ರಸ್ತೆ, ಪುಣೆಯಲ್ಲಿ ನಾನಾ ಪೇಠ್. ಕೋಡ್ ಕೊಟ್ಟರೆ ಬಣ್ಣ ಬೆರೆಸುವ ಅಂಗಡಿಯವರು 50-100 ಮಿಲಿ ಬೆರೆಸಿ ಕೊಡುತ್ತಾರೆ.

ಚುಕ್ಕಿಯ ಸಡಿಲ ಅಂಚನ್ನು ಹಲ್ಲುಕಡ್ಡಿಯಿಂದ ಕೆರೆದು ತೆಗೆಯಿರಿ. ತುಕ್ಕಿದ್ದರೆ ಹಲ್ಲುಕಡ್ಡಿಯ ತುದಿಗೆ ಉದ್ದಿನಕಾಳಿನಷ್ಟು ವಾಟರ್ ಪೇಪರ್ ತುಂಡು ಅಂಟಿಸಿ, ತಗಡು ಬೆಳ್ಳಗಾಗುವವರೆಗೆ ತಿರುಗಿಸಿ. ತುಕ್ಕಿನ ಮೇಲೆ ಬಣ್ಣ ಇಟ್ಟರೆ ಅದು ಒಳಗೊಳಗೇ ಹರಡಿ ಆರು ತಿಂಗಳಿಗೆ ಉಬ್ಬುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ ಜಿಡ್ಡು ತೆಗೆಯಿರಿ. ತಗಡು ಕಾಣುತ್ತಿದ್ದರೆ ಒಂದು ಬೊಟ್ಟು ಪ್ರೈಮರ್, ಒಂದು ಗಂಟೆ ಬಿಡಿ.

ಆಮೇಲೆ ಬಣ್ಣ. ಬಾಟಲಿಯ ಮುಚ್ಚಳದಲ್ಲಿರುವ ಬ್ರಷ್ ಈ ಕೆಲಸಕ್ಕೆ ತೀರ ದಪ್ಪ, ಅದರಿಂದ ಹಚ್ಚಿದರೆ ಸಾಸಿವೆಯಷ್ಟು ಚುಕ್ಕಿ ಬಟಾಣಿಯಷ್ಟಾಗುತ್ತದೆ. ಹಲ್ಲುಕಡ್ಡಿಯ ತುದಿಯನ್ನು ಅದ್ದಿ ಗುಳಿಯ ನಡುವೆ ಮುಟ್ಟಿಸಿ, ಬಣ್ಣ ತಾನೇ ಅಂಚಿಗೆ ಹರಿಯುತ್ತದೆ. ಒಣಗಿದಾಗ ಅದು ಕುಗ್ಗುವುದರಿಂದ ಒಂದೇ ಸಲಕ್ಕೆ ತುಂಬಲು ಹೋಗಬಾರದು. ಮೂವತ್ತು ನಿಮಿಷದ ಅಂತರದಲ್ಲಿ ಎರಡೋ ಮೂರೋ ಸಲ ಇಡಿ, ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲಿಸಿ. ಮರುದಿನ ಅದರ ಮೇಲೆ ಕ್ಲಿಯರ್, ಮಟ್ಟಕ್ಕಿಂತ ತುಸು ಮೇಲೆ. ಒಂದು ವಾರ ಮುಟ್ಟಬೇಡಿ. ಆಮೇಲೂ ಉಬ್ಬು ಕಣ್ಣಿಗೆ ಚುಚ್ಚುತ್ತಿದ್ದರೆ 3000ದ ಪೇಪರನ್ನು ಪೆನ್ಸಿಲಿನ ಹಿಂಬದಿಯ ರಬ್ಬರಿಗೆ ಸುತ್ತಿ, ಸೋಪುನೀರು ಹಾಕಿ ಬರಿ ಆ ಉಬ್ಬನ್ನು ಮಾತ್ರ ಸವೆಸಿ ಪಾಲಿಶ್ ಮಾಡಿ.

ನಿರೀಕ್ಷೆ ಎಷ್ಟಿರಬೇಕು ಎಂಬುದೂ ಗೊತ್ತಿರಲಿ. ಬರಿ ಬಿಳಿ, ಬರಿ ಕೆಂಪು ಕಾರಿನಲ್ಲಿ ಮೂರಡಿ ದೂರದಿಂದ ಕಾಣದಷ್ಟು ಚೆನ್ನಾಗಿ ಬರುತ್ತದೆ. ಸಿಲ್ವರ್, ಗ್ರೇ ಬಣ್ಣಗಳಲ್ಲಿ ಲೋಹದ ಹರಳುಗಳು ಗನ್ನಿನಿಂದ ಬಂದಾಗ ಮಲಗಿ ಕೂರುತ್ತವೆ, ಹಲ್ಲುಕಡ್ಡಿಯಿಂದ ಇಟ್ಟಾಗ ಅಡ್ಡಾದಿಡ್ಡಿ ನಿಲ್ಲುತ್ತವೆ, ಹಾಗಾಗಿ ಕೋಡ್ ಸರಿಯಿದ್ದರೂ ಚುಕ್ಕಿ ಒಂದು ಛಾಯೆ ಕಪ್ಪಾಗಿಯೇ ಕಾಣುತ್ತದೆ. ಮುತ್ತಿನ ಬಿಳಿಯಲ್ಲಿ (ಪರ್ಲ್ ವೈಟ್) ಪದರದ ಮೇಲೆ ಪದರ ಇರುವುದರಿಂದ ಹೊಂದಿಸುವುದು ಇನ್ನೂ ಕಷ್ಟ. ಆದರೂ ಇಡಿ. ಇಲ್ಲಿ ತುಂಬುವುದು ತುಕ್ಕು ತಡೆಯುವುದಕ್ಕೆ, ಅಂದ ಎರಡನೆಯದು. ಉಗುರಿನ ಅಗಲಕ್ಕಿಂತ ದೊಡ್ಡ ಜಾಗಕ್ಕೆ ಮಾತ್ರ ಈ ದಾರಿ ಬೇಡ.

ಸ್ಪ್ರೇ ಡಬ್ಬಿ ಏಕೆ ಬೇಡ

ಡಬ್ಬಿಯ ಬಣ್ಣ ಬರಿ ದ್ರಾವಕ ಆರಿ ಗಟ್ಟಿಯಾಗುವಂಥದ್ದು. ಗ್ಯಾರೇಜಿನ ಟು-ಕೆ ಕ್ಲಿಯರ್ ಹಾರ್ಡ್‌ನರ್ ಜೊತೆ ರಾಸಾಯನಿಕವಾಗಿ ಬೆಸೆದು ಗಟ್ಟಿಯಾಗುತ್ತದೆ. ಮೊದಲನೆಯದರ ಮೇಲೆ ಪೆಟ್ರೋಲ್ ಹನಿ ಬಿದ್ದರೂ ಮೆತ್ತಗಾಗುತ್ತದೆ, ಬಿಸಿಲಿಗೆ ಬೇಗ ಮಂಕಾಗುತ್ತದೆ. ಡಬ್ಬಿಯ ಬೀಸು ಗೀರಿನ ಅಗಲಕ್ಕಿಂತ ಹತ್ತು ಪಟ್ಟು ದೊಡ್ಡದು, ಒಂದು ಗೆರೆ ಮುಚ್ಚಲು ಹೋಗಿ ಅರ್ಧ ಬಾಗಿಲು ಧೂಳುಧೂಳಾಗಿ ಬಣ್ಣ ಹಿಡಿಯುತ್ತದೆ. ಟೇಪಿನ ಅಂಚಿನಲ್ಲಿ ಮೆಟ್ಟಿಲಿನಂಥ ಗೆರೆ ಉಳಿಯುತ್ತದೆ. ಗಾಳಿ ಬೀಸಿದರೆ ಪಕ್ಕದವರ ಕಾರಿಗೂ ಪಾಲು. ಕೊನೆಗೆ ಗ್ಯಾರೇಜಿಗೆ ಹೋದಾಗ ಆ ಬಣ್ಣವನ್ನೆಲ್ಲ ಕಿತ್ತು ತೆಗೆಯುವ ಕೂಲಿಯೂ ಸೇರುತ್ತದೆ. ಹಾರ್ಡ್‌ನರ್ ಇರುವ ಟು-ಕೆ ಡಬ್ಬಿಗಳೂ ಬರುತ್ತವೆ, ಆದರೆ ಅದರ ಐಸೊಸಯನೇಟ್ ಆವಿ ಶ್ವಾಸಕೋಶಕ್ಕೆ ಅಪಾಯ. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದೇ ಇಲ್ಲ. ಮಕ್ಕಳು ಆಡುವ ಸೊಸೈಟಿ ಅಂಗಳದಲ್ಲಿ ಅದನ್ನು ಒತ್ತುವುದು ತಪ್ಪು.

ಹೊರಗೆ ಕೊಡುವುದಾದರೆ ಯಾರಿಗೆ?

ಉಗುರು ಸಿಕ್ಕದ ಗೀರುಗಳು ಕಾರಿನ ತುಂಬ ಇವೆ, ಬಣ್ಣ ಮಾತ್ರ ಎಲ್ಲೂ ಹೋಗಿಲ್ಲ ಎಂದರೆ ಡಿಟೇಲಿಂಗ್ ಸ್ಟುಡಿಯೊ, ಅಂದರೆ ಮಷೀನ್ ಪಾಲಿಶ್ ಮಾಡುವ ಅಂಗಡಿ. ಅಲ್ಲಿ ಬಣ್ಣದ ದಪ್ಪ ಅಳೆಯುವ ಮೀಟರ್ ಇದೆಯೇ ಎಂದು ಕೇಳಿ. ಅಳೆಯದೆ ಮಷೀನ್ ಹಚ್ಚುವವರು ನಿಮ್ಮ ಗಂಟನ್ನು ಎಣಿಸದೆ ಖರ್ಚು ಮಾಡುವವರು.

ಗೀರು ಪ್ರೈಮರ್ ತಲುಪಿದ್ದರೆ, ಜೊತೆಗೆ ನಗ್ಗೂ ಇದ್ದರೆ ಬಣ್ಣ ಹೊಡೆಸುವುದೇ ಸರಿ. ಕರ್ನಾಟಕದ ನಮ್ಮೂರಿನಲ್ಲಿ ಟಿಂಕರಿಂಗ್ ಎನ್ನುವ ನಗ್ಗು ತೆಗೆಯುವ ಕೆಲಸವನ್ನು ಇಲ್ಲಿ ಮುಂಬೈ-ಪುಣೆಯಲ್ಲಿ ಡೆಂಟಿಂಗ್ ಎನ್ನುತ್ತಾರೆ, ಬೋರ್ಡು 'ಡೆಂಟಿಂಗ್-ಪೇಂಟಿಂಗ್'. ಸಣ್ಣ ಕಾರಿನ ಒಂದು ಪ್ಯಾನೆಲ್‌ಗೆ ಬೀದಿ ಗ್ಯಾರೇಜು 2,000-3,500 ರೂಪಾಯಿ ಆಸುಪಾಸು ಹೇಳಿದರೆ ಕಂಪನಿಯ ಅಧಿಕೃತ ಬಾಡಿ ಶಾಪ್ ಅದರ ಒಂದೂವರೆ-ಎರಡು ಪಟ್ಟು ಹೇಳುತ್ತದೆ. ಮುತ್ತಿನ ಬಣ್ಣ, ದೊಡ್ಡ ಕಾರು ಆದರೆ ಎರಡೂ ಕಡೆ ಏರುತ್ತದೆ. ವ್ಯತ್ಯಾಸದ ಹಣ ಹೋಗುವುದು ಮುಖ್ಯವಾಗಿ ಬೂತ್ ಮತ್ತು ಓವನ್‌ಗೆ. ಮುಚ್ಚಿದ ಬೂತಿನಲ್ಲಿ ಸೋಸಿದ ಗಾಳಿಯಲ್ಲಿ ಹೊಡೆದು, ಸುಮಾರು 60 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿದ ಬಣ್ಣಕ್ಕೂ, ರಸ್ತೆ ಬದಿ ತಾಡಪಾಲಿನ ಕೆಳಗೆ ಹೊಡೆದು ಗಾಳಿಗೆ ಆರಿಸಿದ ಬಣ್ಣಕ್ಕೂ ಮೊದಲ ದಿನ ಅಂತರ ಕಾಣಿಸದಿರಬಹುದು.

ಮಳೆಗಾಲದಲ್ಲಿ ಅಂತರ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ, ಗೋವಾದ ಗಾಳಿ ನೀರು ಹಿಂಡುವಷ್ಟು ಒದ್ದೆ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂತು, ಹೊಳಪಿನ ಬದಲು ಹಾಲು ಚೆಲ್ಲಿದಂಥ ಬಿಳುಪು ಬರುತ್ತದೆ. ನಗ್ಗು ತುಂಬುವ ಪುಟ್ಟಿ ಗಾಳಿಯ ತೇವ ಹೀರಿಕೊಂಡಿದ್ದರೆ ತಿಂಗಳು ಕಳೆದ ಮೇಲೆ ಗುಳ್ಳೆ ಏಳುತ್ತದೆ. ಬೂತ್ ಇಲ್ಲದ ಗ್ಯಾರೇಜಿನವರು ಎಷ್ಟೇ ನುರಿತವರಿರಲಿ, ಆ ನಾಲ್ಕು ತಿಂಗಳು ಅವರಿಗೆ ಕೊಡಬೇಡಿ. ತಗಡು ಕಾಣುತ್ತಿದ್ದರೆ ಮೇಲೆ ಹೇಳಿದಂತೆ ಪ್ರೈಮರ್, ಅದರ ಮೇಲೆ ಬಣ್ಣದ ಬೊಟ್ಟಿಟ್ಟು ಅಕ್ಟೋಬರ್‌ವರೆಗೆ ತಳ್ಳಿ. ಉಳಿದ ಎಂಟು ತಿಂಗಳು ಒಳ್ಳೆಯ ಕೈ ಇರುವ ಬೀದಿ ಪೇಂಟರ್, ಕಾಟಾಚಾರದ ದೊಡ್ಡ ಶಾಪಿಗಿಂತ ಮೇಲು. ಗೋವಾದಲ್ಲಾದರೆ ಕೆಂಪು ಜಂಬಿಟ್ಟಿಗೆಯ ಧೂಳು ಇರುವುದರಿಂದ ಬಯಲಲ್ಲಿ ಹೊಡೆದ ಬಣ್ಣದಲ್ಲಿ ಧೂಳಿನ ಕಾಳು ಕೂರುವುದು ಹೆಚ್ಚು.

ಗ್ಯಾರೇಜಿಗೆ ಬಿಡುವ ಮೊದಲು ಕೇಳಬೇಕಾದ್ದು: ಬಣ್ಣವನ್ನು ಕೋಡ್ ನೋಡಿ ಬೆರೆಸುತ್ತೀರೋ, ಕಣ್ಣಂದಾಜಿನಲ್ಲೋ? ಕ್ಲಿಯರ್ ಟು-ಕೆಯೇ, ಯಾವ ಕಂಪನಿಯದು? ಬಾಗಿಲಿನ ಹಿಡಿ, ಗಾಜಿನ ಬೀಡಿಂಗ್, ಕನ್ನಡಿ ಬಿಚ್ಚಿ ಹೊಡೆಯುತ್ತೀರೋ, ಟೇಪ್ ಸುತ್ತಿಯೋ? ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಟೇಪ್ ಸುತ್ತಿ ಹೊಡೆದ ಕಡೆ ಹಿಡಿಯ ಸುತ್ತ ಬಣ್ಣದ ಅಂಚು ನಿಲ್ಲುತ್ತದೆ, ಒಂದೆರಡು ವರ್ಷಕ್ಕೆ ಸಿಪ್ಪೆ ಏಳುವುದು ಅಲ್ಲಿಂದಲೇ. ಬಿಚ್ಚುವುದಕ್ಕೆ ಐನೂರು ರೂಪಾಯಿ ಹೆಚ್ಚು ಕೇಳಿದರೂ ಕೊಡಿ. ಸಿಲ್ವರ್, ಗ್ರೇ ಕಾರಾದರೆ ಪಕ್ಕದ ಪ್ಯಾನೆಲ್‌ಗೂ ಬಣ್ಣವನ್ನು ತೆಳುವಾಗಿ ಹರಡಿ ಬೆರೆಸುತ್ತೀರಾ ಎಂದೂ ಕೇಳಿ. ಇಲ್ಲದಿದ್ದರೆ ಬಾಗಿಲೊಂದು ಬಣ್ಣ, ಫೆಂಡರ್ ಒಂದು ಬಣ್ಣ. ಬಂಪರಿಗೆ ಪ್ಲಾಸ್ಟಿಕ್ ಪ್ರೈಮರ್ ಹಾಕದಿದ್ದರೆ ಬಣ್ಣ ಹಾಳೆಯಂತೆ ಎದ್ದು ಬರುತ್ತದೆ.

ಬಿಡುವ ಹಿಂದಿನ ವಾರ ಕಾರಿಗೆ ಸಿಲಿಕೋನ್ ಇರುವ ಡ್ಯಾಶ್‌ಬೋರ್ಡ್ ಸ್ಪ್ರೇ, ಟಯರ್ ಶೈನ್ ಹಾಕಬೇಡಿ. ಅದರ ಜಿಡ್ಡು ಪ್ಯಾನೆಲ್ ಮೇಲೆ ಉಳಿದರೆ ಹೊಸ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಂಡು ಕುಳಿ ಬೀಳುತ್ತದೆ.

ಕಾರು ಮಾರುವ ಯೋಚನೆ ಇದ್ದರೆ ಇನ್ನೊಂದು ಲೆಕ್ಕ. ಹಳೆ ಕಾರು ಕೊಳ್ಳುವ ಕಂಪನಿಯವರು ಮೀಟರ್ ಇಟ್ಟು ನೋಡುತ್ತಾರೆ. 110 ಇರಬೇಕಾದಲ್ಲಿ 250 ಮೈಕ್ರಾನ್ ತೋರಿಸಿದರೆ ಮರುಬಣ್ಣ, 500 ದಾಟಿದರೆ ಪುಟ್ಟಿ, ಅಂದರೆ ಅಪಘಾತದ ಅನುಮಾನ. ಸಣ್ಣ ಗೀರಿರುವ ಮೂಲ ಬಣ್ಣ, ಗೀರಿಲ್ಲದ ಮರುಬಣ್ಣಕ್ಕಿಂತ ಹೆಚ್ಚು ಬೆಲೆ ಬಾಳುತ್ತದೆ. ಮಾರುವ ಮುಂಚೆ 'ಫುಲ್ ಬಾಡಿ' ಹೊಡೆಸುವುದು ಬೇಡವೇ ಬೇಡ.

ವಿಮೆ ಕೇಳಬೇಕೇ?

'ಇನ್ಶೂರೆನ್ಸಿನಲ್ಲಿ ಮಾಡಿಸಿಬಿಡಿ, ನಿಮಗೇನೂ ಬೀಳಲ್ಲ' ಎಂದು ಗ್ಯಾರೇಜಿನವರು ಹೇಳುತ್ತಾರೆ. ಬೀಳುತ್ತದೆ, ಮುಂದಿನ ವರ್ಷ. ಬಂಪರಿನ ಬಣ್ಣದ ಬಿಲ್ಲು 6,000 ರೂಪಾಯಿ ಎಂದಿಟ್ಟುಕೊಳ್ಳಿ. ಸಾಮಾನ್ಯ ಪಾಲಿಸಿಯಲ್ಲಿ ಒಟ್ಟು ಪೇಂಟಿಂಗ್ ಬಿಲ್ಲಿನ 25 ಶೇಕಡಾ ಸಾಮಗ್ರಿಯ ಪಾಲು ಎಂದು ಲೆಕ್ಕ, ಅದರಲ್ಲಿ ಅರ್ಧ ಸವಕಳಿ: 1,500ರ ಅರ್ಧ 750. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಕಂಪನಿ ಕೊಡುವುದು 4,250. ನೀವು ಮೂರು ವರ್ಷ ಕ್ಲೇಮ್ ಮಾಡಿಲ್ಲದೆ ಈಗ 35 ಶೇಕಡಾ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಪಡೆಯುತ್ತಿದ್ದೀರಿ, ಬೋನಸ್ ಕಳೆಯುವ ಮುಂಚಿನ ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿಯ) ಪ್ರೀಮಿಯಂ 9,000 ಎಂದಾದರೆ, ಮುಂದಿನ ವರ್ಷ 45 ಶೇಕಡಾ ಸಿಗಬೇಕಿತ್ತು, ಈಗ ಸೊನ್ನೆ. 4,050 ಹೋಯಿತು. ಅದರ ಮುಂದಿನ ವರ್ಷ 50 ಸಿಗಬೇಕಾದಲ್ಲಿ 20, ಮತ್ತೆ 2,700 ಹೋಯಿತು. 4,250 ಪಡೆದು ಎರಡು ವರ್ಷದಲ್ಲಿ 6,750 ಕೊಟ್ಟಂತಾಯಿತು. ಬೋನಸ್ ಉಳಿಸುವ ಆಡ್-ಆನ್ ಇಲ್ಲದವರು ಒಂದು ಪ್ಯಾನೆಲ್ಲಿನ ಬರಿ ಬಣ್ಣಕ್ಕೆ ಕ್ಲೇಮ್ ಮಾಡಬಾರದು. ನಾಲ್ಕೈದು ಪ್ಯಾನೆಲ್ ಹೋಗಿದ್ದರೆ, ಹೆಡ್‌ಲೈಟ್ ಒಡೆದಿದ್ದರೆ ಲೆಕ್ಕ ತಿರುಗಿಬೀಳುತ್ತದೆ, ಆಗ ಧಾರಾಳವಾಗಿ ಕೇಳಿ.

ಕಾರು ವಾಪಸ್ ತರುವಾಗ

ಗ್ಯಾರೇಜಿನ ಟ್ಯೂಬ್‌ಲೈಟಿನ ಕೆಳಗೆ ಒಪ್ಪಿಕೊಳ್ಳಬೇಡಿ, ಸಂಜೆ ಏಳರ ಮೇಲೆ ತರಲು ಹೋಗಲೇಬೇಡಿ. ಬಿಸಿಲಿಗೆ ನಿಲ್ಲಿಸಿ, ನೇರ ಎದುರಿನಿಂದ ಒಮ್ಮೆ, ಕಾರಿನ ಉದ್ದಕ್ಕೂ ಕಣ್ಣು ಹಾಯಿಸಿ ಒಮ್ಮೆ, ಕೂತು ಒಮ್ಮೆ ನೋಡಿ. ಲೋಹದ ಮಿನುಗಿನ ಬಣ್ಣ ಎದುರಿನಿಂದ ಹೊಂದಿ, ಓರೆಯಿಂದ ಬೇರೆಯಾಗುತ್ತದೆ. ಪಕ್ಕದ ಪ್ಯಾನೆಲ್ಲಿನಲ್ಲಿ ಬೀಳುವ ಕಟ್ಟಡದ ಪ್ರತಿಬಿಂಬ ನೇರವಾಗಿದ್ದು ಹೊಸದರಲ್ಲಿ ಕಿತ್ತಳೆ ಸಿಪ್ಪೆಯಂತೆ ನಡುಗಿದರೆ ಅದನ್ನು ಪೇಪರ್ ಹಾಕಿ ಪಾಲಿಶ್ ಮಾಡಿಸಬಹುದು, ಹೇಳಿ ಮಾಡಿಸಿ. ಗಾಜು, ರಬ್ಬರು, ಹೆಡ್‌ಲೈಟ್ ಮೇಲೆ ಬೆರಳಾಡಿಸಿ; ಮರಳಿನಂತೆ ತರಿತರಿ ಸಿಕ್ಕರೆ ಬಣ್ಣ ಹಾರಿ ಕೂತಿದೆ.

ಹೊಸ ಬಣ್ಣಕ್ಕೆ ಮೊದಲ ತಿಂಗಳು ವ್ಯಾಕ್ಸ್ ಬೇಡ, ಒಳಗಿನ ದ್ರಾವಕ ಇನ್ನೂ ಹೊರಬರುತ್ತಿರುತ್ತದೆ. ಒಂದು ವಾರ ತೊಳೆಯುವುದೂ ಬೇಡ. ಹಕ್ಕಿ ಹಿಕ್ಕೆ ಹಾಕಿದರೆ ಮಾತ್ರ ಕಾಯದೆ, ಒದ್ದೆ ಬಟ್ಟೆ ಎರಡು ನಿಮಿಷ ಮೇಲಿಟ್ಟು ನೆನೆಸಿ ಎತ್ತಿ ತೆಗೆಯಿರಿ. ಬೆಳಗ್ಗೆ ಒಂದೇ ಬಕೆಟ್ ನೀರಿನಲ್ಲಿ ಸೊಸೈಟಿಯ ಇಪ್ಪತ್ತು ಕಾರು ಒರೆಸುವವರಿಗೆ ನಿಮ್ಮ ಕಾರಿಗೆಂದೇ ಎರಡು ಮೈಕ್ರೋಫೈಬರ್ ಬಟ್ಟೆ ಕೊಟ್ಟು, ಒಣಧೂಳು ಒರೆಸುವ ಮೊದಲು ಒಂದು ಚೊಂಬು ನೀರು ಹೊಯ್ಯಲು ಹೇಳಿ. ಕಾರಿನ ಮೇಲಿರುವ ಜೇಡರ ಬಲೆಯ ಗೀರುಗಳಲ್ಲಿ ಹೆಚ್ಚಿನವು ಆ ಒಣ ಒರೆತದವು.